ಹದಿನಾಲ್ಕು ಅಕ್ಷರ

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಗೂಡು ಒರೆಸುವಾಗ ಮಗಳ ಸ್ಪ್ರೇ ಡಬ್ಬಿಯನ್ನು ಆಚೆ ಸರಿಸಲು ಎತ್ತಿಕೊಂಡ ಅನಂತಮತಿಗೆ, ಕಂಪೆನಿಯ ದಪ್ಪ ಹೆಸರಿನ ಕೆಳಗೆ ಸಣ್ಣ ಬಿಳಿ ಅಕ್ಷರಗಳಲ್ಲಿ ಆ ಪದ ಕಂಡಿತು. ಡಬ್ಬಿಯನ್ನು ಬೆಳಕಿಂಡಿಯ ಕಡೆ ತಿರುಗಿಸಿ ಹಿಡಿದಳು. ಒದ್ದೆ ಬೆರಳಿನ ತುದಿಯನ್ನು ಒಂದೊಂದೇ ಅಕ್ಷರದ ಮೇಲಿಟ್ಟು ಎಣಿಸಿದಳು. ಎ, ಎನ್, ಟಿ, ಐ, ಪಿ, ಇ, ಆರ್, ಎಸ್, ಪಿ, ಐ, ಆರ್, ಎ, ಎನ್, ಟಿ. ಹದಿನಾಲ್ಕು. ಹಿಂದಿನಿಂದ ಎಣಿಸಿದರೂ ಹದಿನಾಲ್ಕೇ. ನಿನ್ನೆ ಮಧ್ಯಾಹ್ನ ಬಂಟ್ವಾಳದಲ್ಲಿ ಐವತ್ತು ಮಂದಿಯ ಎದುರು ಒಬ್ಬ ಹುಡುಗಿ ಬರೆದ ಇದೇ ಹದಿನಾಲ್ಕು ಅಕ್ಷರಗಳ ಮೇಲೆ ತಾನು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದದ್ದು, ಅಕ್ಷರ ಸೇರಿಸಿದ ಮಾತ್ರಕ್ಕೆ ಪದ ಆಗುವುದಿಲ್ಲ ಮಗೂ ಎಂದದ್ದು, ಹಿಂದಿನ ಬೆಂಚಿನ ಇಬ್ಬರು ಮಾಸ್ಟ್ರು ನಕ್ಕದ್ದು ಎಲ್ಲ ಒಟ್ಟಿಗೇ ಎದುರು ಬಂದು ನಿಂತವು. ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿದ್ದರೂ ಅವಳ ಪಾದಗಳು ತಣ್ಣಗಾದವು. ಯಾರೋ ಬಾಗಿಲು ತಟ್ಟಿದಂತಾಗಿ ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಯಾರೂ ತಟ್ಟಿರಲಿಲ್ಲ. ಮಗಳು ಸಾಧನಾ ಹೊರಕೋಣೆಯಲ್ಲಿ ಇನ್ನೂ ಮಲಗಿದ್ದಳು; ಮೂಡುಬಿದಿರೆಯ ಆ ಮನೆಯಲ್ಲಿ ಅವರಿಬ್ಬರ ಹೊರತು ಬೇರೆ ಯಾರೂ ಇರಲಿಲ್ಲ.

ಅದು ಎರಡು ಸಾವಿರದ ಏಳರ ಮಳೆಗಾಲ. ಆ ವರ್ಷ ಸರಕಾರಿ ಶಾಲೆಗಳ ಒಂದನೇ ಕ್ಲಾಸಿಗೂ ಇಂಗ್ಲಿಷ್ ಬಂದಿತ್ತು. ಇಪ್ಪತ್ತಾರು ವರ್ಷ ಕನ್ನಡದಲ್ಲೇ ಗಣಿತ, ಸಮಾಜ ಕಲಿಸಿಕೊಂಡಿದ್ದ ಅನಂತಮತಿಯಂಥವರನ್ನು ಹತ್ತು ದಿನ ಕೂರಿಸಿ, ಹಾಡು ಹೇಳಿಸಿ, ಚಪ್ಪಾಳೆ ತಟ್ಟಿಸಿ, ಕೊನೆಗೆ ಕೈಗೊಂದು ಸರ್ಟಿಫಿಕೇಟು ಕೊಟ್ಟು ಕಳಿಸಿದ್ದರು. ಆ ಸರ್ಟಿಫಿಕೇಟೇ ಅವಳನ್ನು ತೀರ್ಪುಗಾರರ ಕುರ್ಚಿಯವರೆಗೆ ಎಳೆದುಕೊಂಡು ಹೋದದ್ದು. ತಾಲೂಕಿನ ಮಕ್ಕಳಿಗೆ ಇಂಗ್ಲಿಷ್ ಪದ ಕಟ್ಟುವ ಸ್ಪರ್ಧೆ: ಬೋರ್ಡಿನ ಮೇಲೆ ನಾಲ್ಕು ಅಕ್ಷರ ಬರೆಯುವುದು, ಆ ನಾಲ್ಕೂ ಎಲ್ಲಿಯಾದರೂ ಬರುವಂಥ ಉದ್ದನೆಯ ಪದವನ್ನು ಮಕ್ಕಳು ಹುಡುಕಿ ಬರೆಯುವುದು, ಎಲ್ಲಕ್ಕಿಂತ ಉದ್ದದ ಪದ ಬರೆದವರು ಜಿಲ್ಲೆಗೆ ಹೋಗುವುದು. ತೀರ್ಪು ಕೊಡಬೇಕಾಗಿದ್ದ ಬೆಳ್ತಂಗಡಿಯ ಶಶಿರಾಜ್ ಮಾಸ್ಟ್ರು ಘಟ್ಟದ ಮೇಲೆ ಮದುವೆಗೆ ಹೋದವರು ಚಾರ್ಮಾಡಿಯಲ್ಲಿ ಗುಡ್ಡ ಜರಿದು ಅಲ್ಲೇ ಸಿಕ್ಕಿಕೊಂಡರು. ಸ್ಪರ್ಧೆಯ ಉಸ್ತುವಾರಿ ಹೊತ್ತಿದ್ದ ಶಾಂತಿಪ್ರಸಾದರು ಕೋಣೆಯ ತುಂಬ ಕಣ್ಣಾಡಿಸಿ, ನೀವೇ ಕೂತುಕೊಳ್ಳಿ ಟೀಚರ್, ನಿಮಗೆ ಟ್ರೈನಿಂಗ್ ಆಗಿದೆಯಲ್ಲ ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು, ಯಾಕೆ ಆಗುವುದಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆಯಲ್ಲಿ ಎದ್ದು ಹೋಗಿ ಕೂತಿದ್ದಳು.

ಯಾಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಅವಳ ಟ್ರಂಕಿನ ತಳದಲ್ಲಿತ್ತು. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಸಾಲಿನಲ್ಲಿ ಮೂವತ್ತೈದು ಎಂದು ಬರೆದು ಪಕ್ಕದಲ್ಲೊಂದು ಪುಟ್ಟ ನಕ್ಷತ್ರ ಹಾಕಿದ್ದರು. ಕೆಳಗೆ ಅಂಚಿನಲ್ಲಿ ಆ ನಕ್ಷತ್ರದ ಅರ್ಥ: ಕೃಪಾಂಕ. ಎಲ್ಲೋ ಕೂತ ಯಾರೋ ಕೃಪೆಮಾಡಿ ಕೊಟ್ಟ ನಾಲ್ಕು ಅಂಕ. ಟಿ.ಸಿ.ಎಚ್. ತರಬೇತಿಗೆ ಸೇರುವಾಗ, ಕೆಲಸದ ಸಂದರ್ಶನದಲ್ಲಿ, ಸೇವಾ ಪುಸ್ತಕ ಮಾಡಿಸುವಾಗ, ಅಂಕಪಟ್ಟಿಯನ್ನು ಚಾಚಿದಾಗಲೆಲ್ಲ ಅವಳ ಹೆಬ್ಬೆರಳು ತಾನಾಗಿ ಆ ನಕ್ಷತ್ರದ ಮೇಲೆ ಹೋಗಿ ಕೂರುತ್ತಿತ್ತು. ಗಂಡನಿಗೂ ಅದನ್ನು ತೋರಿಸಿರಲಿಲ್ಲ. ಅವರು ತೀರಿಕೊಂಡ ದಿನ, ಅಳುವಿನ ನಡುವೆ ಎಲ್ಲೋ, ಇನ್ನು ತೋರಿಸಬೇಕಾಗಿಯೇ ಇಲ್ಲವಲ್ಲ ಎಂದು ಒಂದು ಕ್ಷಣ ಹಗುರವೆನಿಸಿದ್ದನ್ನು ನೆನೆದರೆ ಈಗಲೂ ತನ್ನ ಮೇಲೆ ತನಗೇ ಅಸಹ್ಯ ಹುಟ್ಟುತ್ತಿತ್ತು. ಈಗ ಡಬ್ಬಿಯನ್ನು ಗೂಡಿನಲ್ಲಿ ಹಿಂದುಮುಂದಾಗಿ, ಅಕ್ಷರಗಳು ಗೋಡೆಗೆ ಮುಖ ಮಾಡುವ ಹಾಗೆ ಇಟ್ಟು ಹೊರಬಂದವಳು ಕಪಾಟಿನಿಂದ ಡಿಕ್ಷನರಿ ಎಳೆದಳು. ಅವಳ ಅಪ್ಪ ಬಸದಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಕಾಲದ್ದು; ರಟ್ಟು ಹೋಗಿ ಬಟ್ಟೆಯ ಪಟ್ಟಿ ಅಂಟಿಸಿತ್ತು. ಎ ವಿಭಾಗದ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ, ಕನ್ನಡಕ ಏರಿಸಿ, ಬೆರಳಿಟ್ಟು ಇಳಿದಳು. ಆ ಪದ ಇರಲಿಲ್ಲ. ನಿನ್ನೆ ಮೇಜಿನ ಮೇಲಿದ್ದ ಡಿಕ್ಷನರಿಯಲ್ಲೂ ಇರಲಿಲ್ಲವಲ್ಲ. ಎರಡು ಡಿಕ್ಷನರಿಯಲ್ಲಿ ಇಲ್ಲದ್ದು ಪದವಾಗುವುದು ಹೇಗೆ, ಅದು ಕಂಪೆನಿಯವರು ಇಟ್ಟುಕೊಂಡ ಹೆಸರೇ ಇರಬೇಕು ಎಂದುಕೊಂಡು ದೋಸೆ ಹುಯ್ದಳು. ಮೂರನೆಯ ದೋಸೆ ಕಾವಲಿಯಲ್ಲಿರುವಾಗ ಎದ್ದು ಬಂದ ಸಾಧನಾಳನ್ನು, ಬೇರೆ ಏನೋ ಕೇಳುವವಳ ಹಾಗೆ, ಆ ಡಬ್ಬಿಯಲ್ಲಿ ಬರೆದದ್ದು ಏನು ಎಂದು ಕೇಳಿದಳು. ಸಾಧನಾ ಆಕಳಿಸುತ್ತ ಆ ಪದವನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ ಅದು ಉದ್ದದ ಪದವೆಂದೇ ಅನಿಸಲಿಲ್ಲ. ಆ್ಯಂಟಿಪರ್ಸ್‌ಪಿರಂಟ್.

"ಬೆವರು ಬಾರದ ಹಾಗೆ ಹಾಕುವುದಮ್ಮ. ಯಾಕೆ, ನಿನಗೆ ಬೇಕಾ?"

"ಅದು ಕಂಪೆನಿಯ ಹೆಸರಲ್ವಾ?"

"ಸಾಬೂನು ಅಂದ್ರೆ ಕಂಪೆನಿಯ ಹೆಸರಾ? ಹಾಗೇ ಇದು. ಎಲ್ಲ ಕಂಪೆನಿಯವರೂ ಬರೀತಾರೆ."

ಅಜ್ಜನ ಡಿಕ್ಷನರಿಯಲ್ಲಿ ಇದೆಲ್ಲ ಸಿಕ್ಕಲಿಕ್ಕಿಲ್ಲ ಎಂದು ಮಗಳು ನಕ್ಕಳು. ಅಮ್ಮ ಇಂಗ್ಲಿಷ್ ಪದ ಕೇಳಿದಾಗಲೆಲ್ಲ ಅವಳು ಹಾಗೆಯೇ ಪ್ರೀತಿಯಿಂದಲೇ ನಗುತ್ತಿದ್ದಳು. ಆ ಪ್ರೀತಿಯೇ ಅನಂತಮತಿಯನ್ನು ಹೆಚ್ಚು ಕುಗ್ಗಿಸುತ್ತಿತ್ತು. ಕಾವಲಿಯ ಮೇಲಿನ ದೋಸೆ ಕರಟಿತು. ಅದನ್ನು ತಾನೇ ತಿಂದಳು. ತಿನ್ನುತ್ತ ತಿನ್ನುತ್ತ ನಿನ್ನೆಯ ಆ ಕೋಣೆಗೆ ಹೋಗಿಬಿಟ್ಟಿದ್ದಳು. ಪಿ, ಆರ್, ಎನ್, ಟಿ ಎಂದು ಶಾಂತಿಪ್ರಸಾದರು ಬೋರ್ಡಿನ ಮೇಲೆ ಬರೆದಿದ್ದರು. ಮಕ್ಕಳು ಪೆನ್ಸಿಲ್ ಕಚ್ಚಿ, ಚಾವಣಿ ನೋಡಿ, ತುಟಿ ಅಲ್ಲಾಡಿಸಿ ಹುಡುಕುತ್ತಿದ್ದರು. ಪ್ರಿಂಟ್ ಎಂದು ಬರೆದವರೇ ಹೆಚ್ಚು. ಪೇರೆಂಟ್ ಎಂದು ನಾಲ್ವರು, ಇಂಪಾರ್ಟೆಂಟ್ ಎಂದು ಇಬ್ಬರು. ಟೈ ಕಟ್ಟಿಕೊಂಡಿದ್ದ ಒಬ್ಬ ಹುಡುಗ ಡಿಪಾರ್ಟ್‌ಮೆಂಟ್ ಎಂದು ಬರೆದಿದ್ದ, ಹತ್ತು ಅಕ್ಷರ. ಇಲಾಖೆಯಿಂದ ಬರುವ ಪ್ರತಿಯೊಂದು ಸುತ್ತೋಲೆಯ ತಲೆಯ ಮೇಲೂ ಕಾಣುವ ಆ ಪದವನ್ನು ನೋಡಿ ಪರಿಚಿತರು ಸಿಕ್ಕಷ್ಟು ಸಂತೋಷವಾಗಿತ್ತು ಅವಳಿಗೆ. ಅದರ ನಂತರ ಬಂದದ್ದು ಆ ಹುಡುಗಿಯ ಹಾಳೆ. ಹಾಳೆಯಲ್ಲಿ ಮೊದಲು ತಾನು ಓದಿದ್ದು ಏನನ್ನು? ಪದವನ್ನಲ್ಲ, ಮೂಲೆಯಲ್ಲಿ ಬರೆದ ಹೆಸರನ್ನು. ಆಫ್ರಾ, ಏಳನೇ ತರಗತಿ. ಆಮೇಲೆ ಪದವನ್ನು. ಹೆಸರು ಬೇರೆ ಆಗಿದ್ದರೆ, ಅದನ್ನು ಬರೆದದ್ದು ಆ ಟೈ ಕಟ್ಟಿದ ಹುಡುಗನೇ ಆಗಿದ್ದರೆ, ಒಮ್ಮೆ ಯಾರನ್ನಾದರೂ ಕೇಳುವ ಎಂದು ತನಗೆ ಅನಿಸುತ್ತಿತ್ತೋ ಏನೋ. ಈ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಅವಳ ಮನಸ್ಸು ಕೆಸರು ಕಂಡ ಕಾಲಿನ ಹಾಗೆ ಹಿಂದಕ್ಕೆ ಸರಿಯುತ್ತಿತ್ತು. ಹುಡುಗಿಯನ್ನು ಕರೆದು ಇದನ್ನು ಎಲ್ಲಿ ನೋಡಿದ್ದು ಎಂದು ಕೇಳಿದ್ದಂತೂ ಹೌದು. ಡಬ್ಬಿಯಲ್ಲಿ ಉಂಟು ಟೀಚರ್ ಎಂದಿತ್ತು ಆ ಮಗು. ಮಾಸ್ಟ್ರುಗಳು ನಕ್ಕದ್ದು ಆಗ. ಬಸ್ಸು ತಪ್ತದೆ, ಬೇಗ ಮುಗಿಸುವ ಎಂದು ಶಾಂತಿಪ್ರಸಾದರು ಗಡಿಯಾರ ನೋಡಿದ್ದರು. ಆ ನಗುವಿನ ಜೊತೆ ಸೇರಿಕೊಂಡರೆ ತನ್ನನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬುದು ಅವಳಿಗೆ ಹೇಗೋ ತಿಳಿದುಹೋಗಿತ್ತು.

ಸಂಜೆ ಐದರ ಹೊತ್ತಿಗೆ ಹೆಡ್‌ಮಾಸ್ಟರ್ ಧರ್ಣಪ್ಪನವರ ಫೋನು ಬಂತು. ಬಂಟ್ವಾಳದಿಂದ ಅಬೂಬಕ್ಕರ್ ಎಂಬವರು ತನಗೆ ಫೋನು ಮಾಡಿದ್ದಾಗಿಯೂ, ನಿನ್ನೆಯ ಸ್ಪರ್ಧೆಯ ವಿಷಯವಾಗಿ ಮಗಳನ್ನು ಕರೆದುಕೊಂಡು ನಾಳೆ ಹತ್ತು ಗಂಟೆಗೆ ಶಾಲೆಗೆ ಬರುತ್ತಾರಂತೆ ಎಂದೂ, ಅನಂತಮತಿ ಟೀಚರನ್ನೇ ಕಾಣಬೇಕಂತೆ ಎಂದೂ ಹೇಳಿದರು. ಏನು ವಿಷಯ ಎಂದು ಕೇಳಿದ್ದಕ್ಕೆ, ಮಾತಿನಲ್ಲಿ ಜಗಳ ಕಾಣಲಿಲ್ಲ, ಆದರೆ ಜಾಗ್ರತೆ ಒಳ್ಳೆಯದು, ರಿಟೈರಾಗಲು ನನಗೆ ಇನ್ನು ಎಂಟೇ ತಿಂಗಳು ಎಂದರು. ಫೋನು ಇಟ್ಟ ಮೇಲೆ ಅವಳು ನಾಳೆ ಆಗುವುದನ್ನೆಲ್ಲ ಎಣಿಸತೊಡಗಿದಳು. ಒಬ್ಬರೇ ಬರುವುದಿಲ್ಲ, ಹತ್ತು ಮಂದಿ ಬರುತ್ತಾರೆ. ಪತ್ರಿಕೆಯವರನ್ನು ಕರೆದುಕೊಂಡು ಬರುತ್ತಾರೆ. ಇಂಥ ಹುಡುಗಿಗೆ ಇಂಥ ಟೀಚರ್ ಬೇಕುಬೇಕೆಂದೇ ಹೀಗೆ ಮಾಡಿದ್ದು ಎಂದು ಒಂದು ಗುಂಪು, ಅವರಿಗೆ ಯಾಕೆ ಬಗ್ಗಬೇಕು ಎಂದು ಇನ್ನೊಂದು ಗುಂಪು; ಒಂದು ಪದದ ದೆಸೆಯಿಂದ ಊರಲ್ಲಿ ಅಂಗಡಿಗಳ ಬಾಗಿಲು ಮುಚ್ಚುತ್ತವೆ. ವಿಚಾರಣೆಯಾಗುತ್ತದೆ, ಅಧಿಕಾರಿಗಳು ಅವಳ ಕಡತ ತರಿಸುತ್ತಾರೆ, ಕಡತದೊಳಗಿನ ಅಂಕಪಟ್ಟಿಯ ನಕಲನ್ನು ಬೆಳಕಿಗೆ ಹಿಡಿಯುತ್ತಾರೆ. ಅವಳ ಹೆದರಿಕೆ ಯಾವ ದಾರಿಯಲ್ಲಿ ಹೊರಟರೂ ಕೊನೆಗೆ ಬಂದು ಮುಟ್ಟುವುದು ಆ ನಕ್ಷತ್ರವನ್ನೇ. ಸಹಿ ಹಾಕಿ ಸೋಮವಾರ ಸಂಜೆ ಕೊಡಿ ಎಂದು ಶಾಂತಿಪ್ರಸಾದರು ಹೊರಿಸಿದ್ದ ಉತ್ತರ ಪತ್ರಿಕೆಗಳ ಕಟ್ಟು ಚೀಲದಲ್ಲೇ ಇತ್ತು. ತೆಗೆದು ನೋಡುವ ಧೈರ್ಯವಾಗಲಿಲ್ಲ. ನೋಡದೆ ಇರಲೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಯ ಬಂಟ್ವಾಳ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಅವಳ ಶಾಲೆ ಸಿದ್ದಕಟ್ಟೆಗಿಂತ ಈಚೆ, ಮುಖ್ಯರಸ್ತೆಯ ಪಕ್ಕದಲ್ಲಿತ್ತು. ಮಳೆ ಬಿಟ್ಟಿತ್ತು, ಕಿಟಕಿಯ ಟರ್ಪಾಲು ಮೇಲೆ ಸುತ್ತಿತ್ತು. ಪಕ್ಕದಲ್ಲಿ ಎಂದಿನಂತೆ ಬೀಡಿ ಕಟ್ಟುವ ಸೇಸಮ್ಮ, ತೊಡೆಯ ಮೇಲೆ ಬೀಡಿಯ ತಟ್ಟೆ, ಅದರ ಮೇಲೆ ಮಡಚಿದ ಲುಂಗಿ. ಆಕೆ ತುಳುವಿನಲ್ಲಿ ಮೊಮ್ಮಗಳ ಜ್ವರದ ಕಥೆ ಹೇಳುತ್ತಿದ್ದಳು. ಅನಂತಮತಿ ಹೂಂಗುಟ್ಟುತ್ತ, ಕೈಯನ್ನು ಚೀಲದೊಳಗೆ ಬಿಟ್ಟು, ಕಣ್ಣಿನಿಂದ ನೋಡದೆ ಬೆರಳಿನಿಂದಲೇ ಹಾಳೆಗಳನ್ನು ಎಣಿಸಿದಳು. ಆಫ್ರಾಳ ಹಾಳೆ ಮೇಲಿನಿಂದ ಏಳನೆಯದು. ಅದನ್ನು ಕಟ್ಟಿನಿಂದ ಬಿಡಿಸಿದಳು. ಚೀಲದೊಳಗೇ ಎರಡಾಗಿ ಹರಿದಳು. ಆ ಸದ್ದಿಗೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ ಎಂದುಕೊಂಡಳು. ಇಂಜಿನಿನ ಗದ್ದಲದಲ್ಲಿ ಅದು ಅವಳ ಕಿವಿಗೇ ಕೇಳಿಸಿರಲಿಲ್ಲ. ನಾಲ್ಕಾಗಿ, ಎಂಟಾಗಿ, ಮತ್ತೆ ಹರಿಯಲು ದಪ್ಪವಾದಾಗ ಸ್ವಲ್ಪ ಸ್ವಲ್ಪವೇ ತೆಗೆದು ಸಣ್ಣ ಚೂರು ಮಾಡಿ, ಮುಷ್ಟಿಯನ್ನು ಕಿಟಕಿಯ ಹೊರಗೆ ಇಳಿಬಿಟ್ಟು ಬೆರಳು ಸಡಿಲಿಸಿದಳು. ಬೆಳ್ಳಗಿನ ಚೂರುಗಳು ರಸ್ತೆಯ ಬದಿಯ ನೀರಿನ ಮೇಲೆ ಬಿದ್ದು ಹಿಂದೆ ಸರಿದವು. ಮೂರನೆಯ ಸಲ ಬಸ್ಸು ತಿರುವಿನಲ್ಲಿ ವಾಲಿ ಗಾಳಿ ಒಳಕ್ಕೆ ನುಗ್ಗಿತು. ಸೇಸಮ್ಮ ಮಾತು ನಿಲ್ಲಿಸಿ ತನ್ನ ತೋಳಿನ ಮೇಲೆ ಅಂಟಿದ ಒಂದು ಚೂರನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಟೀಚರ್ ನಿಮ್ಮ ಕಾಗದ ಎಂದು ಕೊಟ್ಟಳು. ಅದರ ಮೇಲೆ ಎರಡು ಅಕ್ಷರ ಮತ್ತು ಒಂದು ಕೆಂಪು ಗೀಟಿನ ತುದಿ ಇತ್ತು. ಆಕೆಗೆ ಓದಲು ಬರುವುದಿಲ್ಲವೆಂಬುದು ಅನಂತಮತಿಗೆ ಗೊತ್ತಿತ್ತು. ಆದರೂ ಆ ಚೂರನ್ನು ಹೊರಗೆ ಎಸೆಯುವ ಧೈರ್ಯವಾಗದೆ, ಕೈವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುವವಳ ಹಾಗೆ ಮಾಡಿ ಬಾಯಿಗೆ ಹಾಕಿಕೊಂಡಳು. ಶಾಯಿಯ ರುಚಿ ಬಂತು. ಬಸ್ಸು ಇಳಿದು ಶಾಲೆಯ ಮೆಟ್ಟಿಲು ಹತ್ತುವಾಗಲೇ ಅವಳಿಗೆ ನೆನಪಾದದ್ದು, ಕಟ್ಟಿನ ಮೇಲಿನ ಕವರಿನಲ್ಲಿ ಶಾಂತಿಪ್ರಸಾದರ ದುಂಡನೆಯ ಅಕ್ಷರದಲ್ಲಿ ಒಟ್ಟು ಇಪ್ಪತ್ತಮೂರು ಎಂದು ಬರೆದಿತ್ತು.

ಹತ್ತಕ್ಕೆ ಐದು ನಿಮಿಷ ಇರುವಾಗ ಧರ್ಣಪ್ಪನವರು ಕರೆಸಿದರು. ಹತ್ತು ಮಂದಿ ಬಂದಿರಲಿಲ್ಲ. ಬಿಳಿ ಅಂಗಿ ಹಾಕಿದ ತೆಳ್ಳಗಿನ ಒಬ್ಬ ಮನುಷ್ಯ, ಪಕ್ಕದಲ್ಲಿ ಸಮವಸ್ತ್ರದ ಮೇಲೆ ಸ್ಕಾರ್ಫು ಕಟ್ಟಿದ ಆ ಹುಡುಗಿ. ಇಬ್ಬರ ಚಪ್ಪಲಿಯೂ ಬಾಗಿಲ ಹೊರಗೆ ಜೋಡಿಸಿಟ್ಟಿದ್ದವು. ಕೂತುಕೊಳ್ಳಿ ಎಂದು ಹೆಡ್‌ಮಾಸ್ಟರ್ ಎರಡು ಸಲ ಹೇಳಿದರೂ ಅಬೂಬಕ್ಕರ್ ಕೂತಿರಲಿಲ್ಲ; ಅವಳು ಒಳಗೆ ಬಂದದ್ದೇ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಅನಂತಮತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಟ್ಟಿನ ಮೂಲೆ ಹೊರಗೆ ಕಾಣುತ್ತಿದ್ದದ್ದು ಕೂತ ಮೇಲೆ ಗೊತ್ತಾಗಿ ಅದರ ಮೇಲೆ ಅಂಗೈ ಮುಚ್ಚಿದಳು.

"ನಾವು ಕಂಪ್ಲೇಂಟ್ ಮಾಡ್ಲಿಕ್ಕೆ ಬಂದದ್ದಲ್ಲ ಟೀಚರ್. ಅದನ್ನು ಮೊದಲೇ ಹೇಳ್ತೇನೆ," ಎಂದರು ಅವರು.

ಆಮೇಲೆ ನಿಧಾನವಾಗಿ, ಶಾಲೆಯಲ್ಲಿ ಮಾತಾಡಬೇಕಾದ ಕನ್ನಡವನ್ನು ಹುಡುಕಿ ಹುಡುಕಿ ಜೋಡಿಸುತ್ತ ಹೇಳಿದರು. ಹನ್ನೊಂದು ವರ್ಷ ತಾನು ಸೌದಿಯ ದಮಾಮಿನ ಒಂದು ದಿನಸಿ ಅಂಗಡಿಯಲ್ಲಿ ಇದ್ದದ್ದು, ಅಲ್ಲಿ ಡಬ್ಬಿಗಳನ್ನು ಬಣ್ಣ ನೋಡಿ ಜೋಡಿಸುವುದೇ ಕೆಲಸ, ಅದರಲ್ಲಿ ಏನು ಬರೆದಿದೆ ಎಂದು ಓದಲು ತನಗೆ ಬರುವುದಿಲ್ಲ. ರಜೆಯಲ್ಲಿ ಬರುವಾಗ ತಂದ ಹಾಲಿನ ಪುಡಿಯ ಡಬ್ಬಿ, ಸಾಬೂನಿನ ಡಬ್ಬಿ, ಸ್ಪ್ರೇ ಡಬ್ಬಿ ಖಾಲಿಯಾದರೂ ಈ ಹುಡುಗಿ ಬಿಸಾಡಲು ಬಿಡುವುದಿಲ್ಲ, ಹಿಂದೆ ಮುಂದೆ ಬರೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ, ಉದ್ದದ ಪದ ಸಿಕ್ಕಿದರೆ ಅಕ್ಷರ ಎಣಿಸಿ ಪಕ್ಕದಲ್ಲಿ ಸಂಖ್ಯೆ ಹಾಕುತ್ತಾಳೆ. ಶನಿವಾರ ಸ್ಪರ್ಧೆ ಮುಗಿದ ಕೂಡಲೇ ಜೊತೆಗೆ ಬಂದಿದ್ದ ಅವಳ ಕ್ಲಾಸಿನ ಟೀಚರು, ಸುಳ್ಳು ಪದ ಬರೆದು ಶಾಲೆಯ ಮಾನ ತೆಗೆದೆ ಎಂದು ಎಲ್ಲರ ಎದುರು ಬೈದರಂತೆ. ಮಕ್ಕಳು ಡಬ್ಬಿ ಡಬ್ಬಿ ಎಂದು ಕರೆಯಲು ತೊಡಗಿದ್ದಾರಂತೆ. ನಿನ್ನೆ ಆ ಪುಸ್ತಕವನ್ನು ಒಲೆಗೆ ಹಾಕಲು ಹೋದಳು, ಅವಳ ಉಮ್ಮ ಕೈ ಹಿಡಿದು ತಡೆದಳು. ಇಷ್ಟು ಹೇಳುವ ನಡುವೆ ಅಬೂಬಕ್ಕರ್ ಇನ್ನೂ ಎರಡು ಸಲ, ನಾವು ಕಂಪ್ಲೇಂಟ್ ಮಾಡಲಿಕ್ಕೆ ಬಂದದ್ದಲ್ಲ ಎಂದರು. ಪ್ಲಾಸ್ಟಿಕ್ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ತೀರ ಅಂಚಿನಲ್ಲಿಟ್ಟರು.

"ಬಹುಮಾನ ಬೇಡ, ಜಿಲ್ಲೆಗೆ ಹೋಗುವುದೂ ಬೇಡ. ಈ ಪದ ಉಂಟು ಅಂತ ನೀವು ಒಂದು ಮಾತು ಇವಳಿಗೆ ಹೇಳಿದ್ರೆ ಸಾಕು. ಇಲ್ಲ ಅಂತಾದ್ರೆ ಇಲ್ಲ ಅಂತ ಹೇಳಿ. ಮತ್ತೆ ಆ ಪೇಪರನ್ನು ಒಮ್ಮೆ ಅವಳಿಗೆ ನೋಡ್ಬೇಕಂತೆ, ಎಲ್ಲಿ ತಪ್ಪಿದ್ದು ಅಂತ."

ಡಬ್ಬಿ ಬೇರೆ ಕಂಪೆನಿಯದು, ಬೇರೆ ಬಣ್ಣದ್ದು. ಪದ ಅದೇ. ಅಂಗೈಯ ಕೆಳಗೆ ಇಪ್ಪತ್ತೆರಡು ಹಾಳೆಗಳ ಅಂಚು ಅವಳನ್ನು ಚುಚ್ಚುತ್ತಿತ್ತು. ಪೇಪರುಗಳೆಲ್ಲ ಆಫೀಸಿಗೆ ಹೋಗಿ ಆಯಿತು ಎಂದು ಅವಳ ಬಾಯಿ ಹೇಳಿತು. ಹೇಳಿದ ಮೇಲೆ ಅದು ಅಲ್ಲಿಗೆ ನಿಲ್ಲಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು, ಇದೇ ಮೊದಲ ಸಲ ನೋಡುವವಳ ಹಾಗೆ ಹುಬ್ಬು ಕೂಡಿಸಿ, ಇದು ಕಂಪೆನಿಯವರು ಇಟ್ಟ ಹೆಸರು, ಹೆಸರುಗಳನ್ನು ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನಿಯಮ ಎಂದಳು. ಧರ್ಣಪ್ಪನವರು ಹೌದು ಹೌದು, ನಿಯಮ ಎಂದು ತಲೆಯಾಡಿಸಿದರು. ಅಬೂಬಕ್ಕರರ ಮುಖ ಒಮ್ಮೆಲೆ ಹಗುರಾಯಿತು. ಓ ಹಾಗಾ, ನಿಯಮ ಉಂಟು, ಹಾಗಾದ್ರೆ ಸರಿ ಎಂದು ಅವರು ಮಗಳ ಕಡೆ ತಿರುಗಿದರು. ಆ ತನಕ ನೆಲ ನೋಡುತ್ತಿದ್ದ ಹುಡುಗಿ ತಲೆಯೆತ್ತಿದಳು.

"ಹೆಸರು ಮೇಲೆ ಉಂಟು ಟೀಚರ್. ಇದು ಕೆಳಗಿನದ್ದು. ಎಲ್ಲ ಕಂಪೆನಿಯ ಡಬ್ಬಿಯಲ್ಲೂ ಕೆಳಗೆ ಇದೇ ಉಂಟು."

ದನಿಯಲ್ಲಿ ವಾದವಿರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ ಹೇಳಿದ್ದಳು. ಅಬೂಬಕ್ಕರ್ ಬ್ಯಾರಿ ಭಾಷೆಯಲ್ಲಿ ಏನೋ ಗದರಿದರು; ಗದರುವಾಗ ಅವರ ಕಣ್ಣು ಮಗಳ ಮೇಲಿರಲಿಲ್ಲ, ಹೆಡ್‌ಮಾಸ್ಟರರ ಮೇಲಿತ್ತು. ಟೀಚರಿಗೆ ಎದುರು ಮಾತಾಡಿದ್ದಕ್ಕೆ ಸಾರಿ ಹೇಳು ಎಂದು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಸಾರಿ ಟೀಚರ್ ಎಂದಳು ಆಫ್ರಾ. ಚಿಕ್ಕವಳು, ಗೊತ್ತಾಗುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅಬೂಬಕ್ಕರ್ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಲು ಹೋದರು. ಚೀಲದ ಬಾಯಿ ಸಿಗಲಿಲ್ಲ. ಎರಡು ಸಲ ತಪ್ಪಿತು. ಮೂರನೆಯ ಸಲ ಅವರ ಕೈ ಅದನ್ನು ಹೇಗೋ ಒಳಗೆ ತುರುಕಿತು.

ಅನಂತಮತಿ ಆ ಕೈಯನ್ನೇ ನೋಡುತ್ತ ಕೂತಳು. ಈ ಮನುಷ್ಯ ಹೆದರಿದ್ದಾರೆ ಎಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾರನ್ನು ಕಂಡು ಎಂಬುದು ಹೊಳೆಯಲು ಇನ್ನೂ ಸ್ವಲ್ಪ. ನಿನ್ನೆ ಫೋನು ಮಾಡುವ ಮೊದಲು ಇವರೂ ಮನೆಯಲ್ಲಿ ಕೂತು, ಹೋಗುವುದಾ ಬೇಡವಾ, ಹೋದರೆ ಏನಾದೀತು, ಮಗಳ ಹೆಸರಿಗೆ ಏನು ಬಂದೀತು ಎಂದು ಲೆಕ್ಕ ಹಾಕಿರಬೇಕು. ಬೆಳಿಗ್ಗೆ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡದ್ದು, ಆ ಒಂದೇ ವಾಕ್ಯವನ್ನು ಮೂರು ಸಲ ಹೇಳಿದ್ದು ಎಲ್ಲ ಅದಕ್ಕೇ. ಹುಟ್ಟಿದ ಮೇಲೆ ಯಾರೂ ಅವಳನ್ನು ಕಂಡು ಹೆದರಿದ್ದಿಲ್ಲ. ಒಂದನೇ ಕ್ಲಾಸಿನ ಮಕ್ಕಳೂ ಹೆದರುತ್ತಿರಲಿಲ್ಲ. ಈಗ ಗಡ್ಡ ನರೆತ ಒಬ್ಬ ಗಂಡಸು ಅವಳಿಗೆ ಹೆದರುತ್ತಿದ್ದಾರೆ. ಆ ಅರಿವಿನ ಹಿಂದೆಯೇ ಹೊಟ್ಟೆಯ ಆಳದಲ್ಲಿ ಏನೋ ಬೆಚ್ಚಗೆ ಹರಡಿತು. ಎರಡು ದಿನದಿಂದ ಬಿಗಿದಿದ್ದ ಮೈ ಸಡಿಲಾಯಿತು, ಬೆನ್ನು ಕುರ್ಚಿಗೆ ಒರಗಿತು. ಹಿತವಾಗಿತ್ತು ಅದು. ಹಿತವಾಗಿದೆ ಎಂದು ತಿಳಿದ ಕ್ಷಣ ಅವಳಿಗೆ ಎಂಥ ಭಯವಾಯಿತೆಂದರೆ, ಇದುವರೆಗೆ ಹೆದರಿದ್ದೆಲ್ಲ ಮಕ್ಕಳಾಟ ಅನಿಸಿತು. ಇನ್ನೊಂದು ನಿಮಿಷ ಹೀಗೇ ಕೂತರೆ ತಾನು ಇದಕ್ಕೆ ಒಗ್ಗಿಹೋಗುತ್ತೇನೆ, ಇನ್ನು ಉಳಿದ ಹತ್ತು ವರ್ಷದ ನೌಕರಿಯಲ್ಲಿ ಹೀಗೇ ಕೂತುಬಿಡುತ್ತೇನೆ. ಅವರು ಬಾಗಿಲ ಹೊರಗೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಧರ್ಣಪ್ಪನವರು ಸಮಾಧಾನದಿಂದ ಹಾಜರಿ ಪುಸ್ತಕ ತೆರೆದಿದ್ದರು.

"ನಿಲ್ಲಿ," ಎಂದಳು. ಅವರಿಗೆ ಕೇಳಿಸಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಮತ್ತೆ ಹೇಳಿದಳು. "ಒಳಗೆ ಬನ್ನಿ. ಪದ ಉಂಟು. ಅವಳದ್ದು ತಪ್ಪಲ್ಲ. ನನಗೆ ಗೊತ್ತಿರಲಿಲ್ಲ."

ಅಂಗಳದಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವುದು ಕೇಳುತ್ತಿತ್ತು.

"ಪೇಪರು ಆಫೀಸಿಗೆ ಹೋಗ್ಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಾನೇ ಹರಿದು ಹಾಕಿದೆ."

ಧರ್ಣಪ್ಪನವರು ಪೆನ್ನು ಕೆಳಗಿಟ್ಟು, ಜಿಲ್ಲೆಗೆ ಹೆಸರು ಶನಿವಾರವೇ ಹೋಗಿ ಆಗಿದೆ ಟೀಚರ್, ಈಗ ಇದೆಲ್ಲ ಯಾಕೆ ಎಂದರು. ಅವರ ಕಣ್ಣುಗಳು ದಯವಿಟ್ಟು ಕೂತುಕೊಳ್ಳಿ ಎಂದು ಬೇಡುತ್ತಿದ್ದವು. ಅಬೂಬಕ್ಕರ್ ಇನ್ನಷ್ಟು ಗಾಬರಿಯಾದರು. ಬೇಡ ಟೀಚರ್, ನಮ್ಮಿಂದ ನಿಮಗೆ ತೊಂದರೆ ಆಗುವುದು ಬೇಡ, ನಾವು ಕೇಳಿದ್ದೇ ತಪ್ಪಾಯಿತು, ಹೋಗ್ತೇವೆ ಎಂದು ಮಗಳ ಕೈ ಹಿಡಿದರು. ನಿಜವನ್ನು ಹೇಳಿದರೆ ಎದುರಿನವರು ಸಿಟ್ಟಾಗುತ್ತಾರೆ, ಬೈಯುತ್ತಾರೆ ಎಂದು ಅವಳು ಎಣಿಸಿದ್ದಳು. ಅದನ್ನು ತೆಗೆದುಕೊಳ್ಳಲಿಕ್ಕೇ ಯಾರೂ ಕೈ ಚಾಚದೆ, ಎಲ್ಲರೂ ಅದನ್ನು ಅವಳ ಕಡೆಗೇ ಮೆಲ್ಲಗೆ ತಳ್ಳುತ್ತಾರೆಂದು ಎಣಿಸಿರಲಿಲ್ಲ. ಕೈ ಬಿಡಿಸಿಕೊಂಡು ಒಳಗೆ ಬಂದದ್ದು ಆ ಹುಡುಗಿ ಮಾತ್ರ.

"ಬರೆದು ಕೊಡ್ತೀರಾ?" ಎಂದು ಕೇಳಿದಳು. "ನಮ್ಮ ಟೀಚರಿಗೆ ತೋರಿಸ್ಲಿಕ್ಕೆ."

ಬರೆದು ಕೊಡುವುದು. ಬಾಯಿಮಾತು ಈ ಕೋಣೆಯಲ್ಲೇ ಕರಗಿಹೋಗುತ್ತದೆ, ನಾಳೆ ಧರ್ಣಪ್ಪನವರು ತಾನೇನೂ ಕೇಳಲಿಲ್ಲ ಎನ್ನಬಹುದು, ಅವಳೂ ಹೇಳಿಲ್ಲ ಎನ್ನಬಹುದು. ಬರೆದದ್ದು ಹಾಗಲ್ಲ. ಅನಂತಮತಿ ಮೇಜಿನ ಮೇಲಿನ ಒಂದು ಬಿಳಿ ಹಾಳೆಯನ್ನು ಎಳೆದುಕೊಂಡು ನಿಂತೇ ಬರೆಯತೊಡಗಿದಳು. ಡಬ್ಬಿ ಚೀಲದೊಳಗೆ ಹೋಗಿತ್ತು. ಅದನ್ನು ಮತ್ತೆ ತೆಗೆಸಿ ನೋಡಿ ಬರೆಯಲು ನಾಚಿಕೆಯಾಯಿತು. ಎರಡು ದಿನ ಕಣ್ಣೊಳಗೇ ಕೂತಿದ್ದ ಅಕ್ಷರಗಳಲ್ಲವೇ ಎಂದು ಒಂದೊಂದನ್ನೇ ಬಿಡಿಸಿ ಬರೆದಳು. ಕೆಳಗೆ ಕನ್ನಡದಲ್ಲಿ, ಈ ಪದ ಸರಿಯಾಗಿದೆ, ನಾನು ತಪ್ಪಾಗಿ ತಿದ್ದಿದ್ದೆ ಎಂದು ಬರೆದು ಹುಡುಗಿಯ ಕಡೆ ತಿರುಗಿಸಿದಳು. ಆಫ್ರಾ ಹಾಳೆಯ ಮೇಲೆ ಬಾಗಿ ಬೆರಳಿಟ್ಟು ತುಟಿ ಅಲ್ಲಾಡಿಸುತ್ತ ಎಣಿಸಿದಳು. ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು.

"ಟೀಚರ್, ಹದಿಮೂರೇ ಉಂಟು. ಇ ಆದ ಮೇಲೆ ಒಂದು ಆರ್ ಬೇಕು."

ಅಬೂಬಕ್ಕರ್ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡರು. ಅನಂತಮತಿಯ ಕಿವಿಯಿಂದ ಕುತ್ತಿಗೆಯ ತನಕ ಬಿಸಿ ಇಳಿಯಿತು. ಹುಡುಗಿ ನಗುತ್ತಿರಲಿಲ್ಲ; ಪೆನ್ನಿನ ತುದಿ ಎಲ್ಲಿ ಇಡಬೇಕೋ ಅಲ್ಲಿ ತನ್ನ ಸಣ್ಣ ಉಗುರನ್ನಿಟ್ಟು ಕಾಯುತ್ತಿದ್ದಳು. ಆ ಉಗುರಿನ ಪಕ್ಕದಲ್ಲಿ ಅನಂತಮತಿ ಒಂದು ಪುಟ್ಟ ಗುರುತು ಹಾಕಿ, ಮೇಲೆ ಆರ್ ಬರೆದಳು. ಹುಡುಗಿ ಮತ್ತೆ ಎಣಿಸಿ, ಈಗ ಸರಿ ಉಂಟು ಎಂದಳು. ಅನಂತಮತಿ ಸಹಿ ಹಾಕಿದಳು. ತಾರೀಕು ಹಾಕಿದಳು. ಹುಡುಗಿ ಕೇಳದಿದ್ದರೂ ಶಾಲೆಯ ಹೆಸರನ್ನೂ ಬರೆದಳು.

ಅವರು ಹೋದ ಮೇಲೆ ಧರ್ಣಪ್ಪನವರು ಹಾಜರಿ ಪುಸ್ತಕ ಮುಚ್ಚಿದರು. ಆಮೇಲೆ, ಸಂಜೆ ಶಾಂತಿಪ್ರಸಾದರು ಹಾಳೆ ಎಣಿಸಿದರೆ ಏನು ಹೇಳ್ತೀರಿ ಎಂದು ಕೇಳಿದರು. ಹರಿದು ಹಾಕಿದೆ ಎಂದೇ ಹೇಳುತ್ತೇನೆ ಎಂದಳು. ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತಳು. ರಸ್ತೆಯ ಆಚೆ ಅಪ್ಪ ಮಗಳು ಬಸ್ಸಿಗೆ ಕಾಯುತ್ತಿದ್ದರು. ಅಬೂಬಕ್ಕರ್ ಕಾಗದವನ್ನು ತನ್ನ ಜೇಬಿಗೆ ಕೇಳುತ್ತಿದ್ದರು, ಹುಡುಗಿ ಕೊಡುತ್ತಿರಲಿಲ್ಲ. ಆ ಕಾಗದ ಯಾರ ಯಾರ ಕೈಗೆ ಹೋಗಬಹುದು ಎಂದು ಅನಂತಮತಿ ಲೆಕ್ಕ ಹಾಕತೊಡಗಿದಳು. ಆ ಕ್ಲಾಸಿನ ಟೀಚರು, ಅಲ್ಲಿಯ ಹೆಡ್‌ಮಾಸ್ಟರು, ಅಲ್ಲಿಂದ ಕಚೇರಿ. ಅಷ್ಟರಲ್ಲಿ ಪೊಳಲಿಯ ಕಡೆಯಿಂದ ಕಪ್ಪಗೆ ಎದ್ದಿದ್ದ ಮೋಡ ಗುಡ್ಡ ದಾಟಿ ಬಂದು ದಪ್ಪ ದಪ್ಪ ಹನಿ ಉದುರಿಸಿತು. ಹುಡುಗಿ ಇನ್ನೂ ಕಾಗದವನ್ನು ಬಿಡಿಸಿ ಹಿಡಿದು ನೋಡುತ್ತಲೇ ಇದ್ದಳು. ಶಾಯಿ ಪೆನ್ನಿನಲ್ಲಿ ಬರೆದದ್ದು, ಇನ್ನೂ ಆರಿರಲಿಕ್ಕಿಲ್ಲ. ಎರಡು ಹನಿ ಬಿದ್ದರೆ ಸಾಕು, ಒಂದು ಅಕ್ಷರವೂ ಉಳಿಯುವುದಿಲ್ಲ. ಒಳಗಿಡು, ಚೀಲದೊಳಗೆ ಇಡು ಮಗೂ ಎಂದು ಅನಂತಮತಿ ಕೂಗಿದಳು. ಮಳೆಯ ಸದ್ದಿನಲ್ಲಿ ಅದು ರಸ್ತೆಯವರೆಗೂ ಹೋಗಲಿಲ್ಲ. ಸೆರಗನ್ನು ತಲೆಗೆಳೆದುಕೊಂಡು ಮೆಟ್ಟಿಲಿಳಿದು ಅವಳು ಗೇಟಿನ ಕಡೆ ಓಡಿದಳು.